ದಾವೋಸ್‌ನ ಮಾತಿಗೆ ಯಾರ ಜಾಮೀನು?

2002ರ ಫೆಬ್ರುವರಿಯಲ್ಲಿ ಸ್ವೀಡನ್–ಸ್ವಿಟ್ಜರ್ಲೆಂಡ್ ಮೂಲದ ಎಂಜಿನಿಯರಿಂಗ್ ಕಂಪನಿ ಎಬಿಬಿ ಒಂದು ಲೆಕ್ಕ ಹೊರಗಿಟ್ಟಿತು. ಹಿಂದಿನ ವರ್ಷವಷ್ಟೇ 69.1 ಕೋಟಿ ಡಾಲರ್ ನಷ್ಟ ಕಂಡಿದ್ದ ಈ ಕಂಪನಿ ತನ್ನ ಇಬ್ಬರು ಮಾಜಿ ಮುಖ್ಯಸ್ಥರಿಗೆ ಪಿಂಚಣಿ ಮತ್ತಿತರ ಬಾಬ್ತು ಸೇರಿ 23.3 ಕೋಟಿ ಸ್ವಿಸ್ ಫ್ರಾಂಕ್ ಕೊಟ್ಟಿತ್ತು. ಪರ್ಸಿ ಬಾರ್ನೆವಿಕ್ ಅವರಿಗೆ 14.8 ಕೋಟಿ, ಯೋರಾನ್ ಲಿಂಡಾಲ್ ಅವರಿಗೆ 8.5 ಕೋಟಿ. ಷೇರುದಾರರು ಕೆಂಡವಾದರು. ಮುಂದಿನ ತಿಂಗಳು ಇಬ್ಬರೂ ದೊಡ್ಡ ಪಾಲನ್ನು ಹಿಂದಿರುಗಿಸಲು ಒಪ್ಪಿದರು: ಬಾರ್ನೆವಿಕ್ 9 ಕೋಟಿ, ಲಿಂಡಾಲ್ 4.7 ಕೋಟಿ. ಸ್ವಿಸ್ ಅಧಿಕಾರಿಗಳ ತನಿಖೆ ಮೊಕದ್ದಮೆಯ ತನಕ ಹೋಗದೆ ಮುಗಿಯಿತು.

ಇಲ್ಲಿಗೆ ಇದು ಕಂಪನಿ ಲೋಕದ ಮಾಮೂಲಿ ಹಗರಣ. ಆದರೆ ಲಿಂಡಾಲ್ ಆ ಹೊತ್ತಿಗೆ ಬರೀ ನಿವೃತ್ತ ಉದ್ಯಮಿಯಾಗಿ ಉಳಿದಿರಲಿಲ್ಲ. ವಿಶ್ವಸಂಸ್ಥೆಯ ಮಹಾ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರನ್ನು ತಮ್ಮ ವಿಶೇಷ ಸಲಹೆಗಾರರನ್ನಾಗಿ ನೇಮಿಸಿಕೊಂಡಿದ್ದರು. ಸಲಹೆ ಬೇಕಿದ್ದ ವಿಷಯ, ಕಂಪನಿಗಳು ಜಗತ್ತಿನ ಒಳ್ಳೆಯ ಪ್ರಜೆಗಳಂತೆ ನಡೆದುಕೊಳ್ಳಬೇಕೆಂದು ಕೇಳುವ 'ಗ್ಲೋಬಲ್ ಕಾಂಪ್ಯಾಕ್ಟ್'. ಗಣಿ ದೈತ್ಯ ಆ್ಯಂಗ್ಲೋ ಅಮೆರಿಕನ್‌ನ ಅಧ್ಯಕ್ಷ ಪೀಠವೂ ಲಿಂಡಾಲ್‌ಗಾಗಿ ಕಾದಿತ್ತು. ಆ ಪೀಠ ಕೈತಪ್ಪಿ ಹೋಯಿತು. ಅದರ ಮೇಲೆ ಬಂದು ಕೂತವರು ಶೆಲ್ ಕಂಪನಿಯ ಮಾಜಿ ಅಧ್ಯಕ್ಷ ಮಾರ್ಕ್ ಮೂಡಿ-ಸ್ಟುವರ್ಟ್. ಕೆಲ ವರ್ಷಗಳ ನಂತರ ಕಾಂಪ್ಯಾಕ್ಟ್‌ಗೆ ಹಣ ಕೂಡಿಸುವ ಪ್ರತಿಷ್ಠಾನದ ಅಧ್ಯಕ್ಷರಾದವರೂ ಅವರೇ.

ಈ ಅದಲುಬದಲನ್ನು ಕಾಕತಾಳೀಯ ಎಂದು ಬಿಟ್ಟುಬಿಡಬಹುದು. ನನಗೆ ಮಾತ್ರ ಇಡೀ ಪ್ರಕರಣದ ಕೀಲಿ ಇದರಲ್ಲೇ ಇದೆ ಅನಿಸುತ್ತದೆ. ಕಾಂಪ್ಯಾಕ್ಟ್‌ಗೆ ಕಾನೂನಿನ ಬಲ ಇರಲಿಲ್ಲ, ದಂಡ ಹಾಕುವ ಅಧಿಕಾರ ಇರಲಿಲ್ಲ, ಕಾರ್ಖಾನೆಯೊಳಗೆ ಹೋಗಿ ನೋಡುವ ತಪಾಸಣೆಗಾರರಿರಲಿಲ್ಲ. ಅದು ನಿಂತಿದ್ದು ಕೆಲವು ರಾಜತಾಂತ್ರಿಕರು ಮತ್ತು ಉದ್ಯಮಿಗಳು ಬದುಕಿಡೀ ದುಡಿದು ಗಳಿಸಿದ ಹೆಸರಿನ ಮೇಲೆ. ಸಾಲಕ್ಕೆ ಜಾಮೀನು ನಿಂತ ಹಾಗೆ ಈ ಮಾತಿಗೆ ಅವರು ತಮ್ಮ ವೃತ್ತಿಜೀವನವನ್ನೇ ಜಾಮೀನಿಟ್ಟರು.

ಭಾಷಣವೊಂದು ಕಚೇರಿಯಾದದ್ದು

1999ರ ಜನವರಿ 31ರಂದು ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯಲ್ಲಿ ಅನ್ನಾನ್ ಮಾತಾಡಿದರು. ಜಾಗತಿಕ ಮಾರುಕಟ್ಟೆಗೆ ಮನುಷ್ಯನ ಮುಖ ಕೊಡೋಣ, ಅದಕ್ಕಾಗಿ ನೀವೂ ನಾವೂ ಒಂದು ಒಡಂಬಡಿಕೆಗೆ ಬರೋಣ ಎಂದರು. ಕೇಳುವುದಕ್ಕೆ ಹಿತವಾದ ಮಾತು. ಅದರೊಳಗೆ ಗಟ್ಟಿಯಾದ ವ್ಯಾಪಾರವೂ ಇತ್ತು. ಆ ದಿನಗಳಲ್ಲಿ ಕಾರ್ಮಿಕರ ಹಕ್ಕು, ಪರಿಸರದ ಷರತ್ತುಗಳನ್ನು ವ್ಯಾಪಾರ ಒಪ್ಪಂದಗಳೊಳಗೇ ತುರುಕಬೇಕು ಎಂಬ ಒತ್ತಡ ಬಲವಾಗಿತ್ತು. ಅನ್ನಾನ್ ಹೇಳಿದ್ದರ ತಾತ್ಪರ್ಯ ಇಷ್ಟು: ವ್ಯಾಪಾರಕ್ಕೆ ಬೇಲಿ ಹಾಕುವುದು ಸರಿಯಾದ ದಾರಿಯಲ್ಲ, ಮುಕ್ತ ಮಾರುಕಟ್ಟೆಯ ಪರವಾಗಿ ವಿಶ್ವಸಂಸ್ಥೆ ನಿಲ್ಲುತ್ತದೆ, ಬದಲಿಗೆ ನೀವು ಪ್ರತಿ ದೇಶವೂ ಕಾನೂನು ತರಲಿ ಎಂದು ಕಾಯದೆ ನಿಮ್ಮ ನೌಕರರ, ನಿಮ್ಮ ಗುತ್ತಿಗೆದಾರರ ನೌಕರರ ಹಕ್ಕುಗಳನ್ನು ಈಗಲೇ ಕಾಪಾಡಿ. ಹೀಗೆಯೇ ಬಿಟ್ಟರೆ ಜಾಗತೀಕರಣದ ವಿರುದ್ಧ ರಾಷ್ಟ್ರವಾದ, ಜನಾಂಗೀಯತೆ, ಮತಾಂಧತೆಗಳು ತಿರುಗಿ ಬೀಳುತ್ತವೆ ಎಂಬ ಎಚ್ಚರಿಕೆಯೂ ಇತ್ತು. ಅದೇ ವರ್ಷದ ಕೊನೆಗೆ ಸಿಯಾಟಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ಬೀದಿ ಪ್ರತಿಭಟನೆಯ ನಡುವೆ ಮುರಿದುಬಿತ್ತು.

ಭಾಷಣವನ್ನು ಸಿದ್ಧಪಡಿಸಿದ ತಂಡದಲ್ಲಿ ಇಬ್ಬರು ಮುಖ್ಯರು. ಆಸ್ಟ್ರಿಯದ ಗ್ರಾಟ್ಸ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ರಾಜ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದ ಜಾನ್ ರಗ್ಗಿ. 1987ರಿಂದ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗದಲ್ಲಿ ದುಡಿದಿದ್ದ ಜರ್ಮನಿಯ ಗೇಯಾರ್ಗ್ ಕೆಲ್. ಮಾರುಕಟ್ಟೆ ಸಮಾಜದೊಳಗೆ ಬೇರುಬಿಟ್ಟಿದ್ದರೆ ಮಾತ್ರ ಬಾಳುತ್ತದೆ ಎಂದು ರಗ್ಗಿ 1982ರಲ್ಲೇ ಬರೆದಿದ್ದರು. ದಾವೋಸ್‌ನಲ್ಲಿ ಅನ್ನಾನ್ ಬಾಯಲ್ಲಿ ಕೇಳಿದ್ದು ಅದೇ ವಾದದ ಆಡುಮಾತಿನ ರೂಪ.

ತಮಾಷೆಯೆಂದರೆ ಇದೊಂದು ಕಾರ್ಯಕ್ರಮ ಎಂದು ಅವರಾರೂ ಅಂದುಕೊಂಡಿರಲಿಲ್ಲ. ಅದು ಭಾಷಣ, ಅಷ್ಟೇ. ಭಾಷಣ ಮುಗಿದ ಮೇಲೆ ಕಂಪನಿಗಳವರು ಬಂದು 'ಸರಿ, ಮುಂದೇನು, ಎಲ್ಲಿ ಸೇರಬೇಕು' ಎಂದು ಕೇಳತೊಡಗಿದಾಗ ಉತ್ತರ ಹುಡುಕಬೇಕಾಯಿತು. ಹಾಗೆ ಹುಟ್ಟಿದ ಪುಟ್ಟ ಕಚೇರಿಯನ್ನು ಕೆಲ್ 2015ರವರೆಗೆ ನಡೆಸಿದರು.

ಕಂಪನಿಯವರು ಅನ್ನಾನ್ ಮಾತನ್ನು ನಂಬಿದ್ದೇಕೆ? ಅವರು ವಿಶ್ವಸಂಸ್ಥೆಯೊಳಗಿನಿಂದಲೇ ಮೇಲೇರಿ ಮುಖ್ಯಸ್ಥರಾದ ಮೊದಲಿಗರು. 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬಜೆಟ್ ವಿಭಾಗದಲ್ಲಿ ಸೇರಿದವರು. ಅಂಥವರ ಮಾತು ಸಾಮಾನ್ಯವಾಗಿ ನಿರ್ಣಯಗಳ ಭಾಷೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಆದರೆ ಘಾನಾದ ಕುಮಾಸಿಯಲ್ಲಿ ಹುಟ್ಟಿದ ಈ ಮನುಷ್ಯನ ತಂದೆ ಯುನಿಲಿವರ್ ಸಮೂಹದ ಯುನೈಟೆಡ್ ಆಫ್ರಿಕಾ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದರು. ಮಗ ಎಂಐಟಿಯ ಸ್ಲೋನ್ ಶಾಲೆಯಲ್ಲಿ ಮ್ಯಾನೇಜ್‌ಮೆಂಟ್ ಓದಿದ. ನಡುವೆ ಎರಡು ವರ್ಷ ಊರಿಗೆ ಮರಳಿ ಘಾನಾದ ಪ್ರವಾಸೋದ್ಯಮ ಕಂಪನಿಯನ್ನೂ ನಡೆಸಿದ. ಕಂಪನಿ ಎಂದರೆ ಅವರಿಗೆ ಹೊರಗಿನ ಶತ್ರುವೂ ಅಲ್ಲ, ದೇವರೂ ಅಲ್ಲ. ಮನೆಯಲ್ಲಿ ಕಂಡಿದ್ದ ವಸ್ತು.

ಜೇಬು ಖಾಲಿಯಿತ್ತು ಎಂಬುದನ್ನೂ ಮರೆಯಬಾರದು. 1997ರಲ್ಲಿ ಅನ್ನಾನ್ ಅಧಿಕಾರ ವಹಿಸಿಕೊಂಡಾಗ ಅಮೆರಿಕ ಒಂದೇ 100 ಕೋಟಿ ಡಾಲರ್‌ಗಿಂತ ಹೆಚ್ಚು ಬಾಕಿ ಉಳಿಸಿಕೊಂಡಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಿಎನ್‌ಎನ್ ಸ್ಥಾಪಕ ಟೆಡ್ ಟರ್ನರ್ 100 ಕೋಟಿ ಡಾಲರ್ ದಾನ ಘೋಷಿಸಿದ್ದು ಕಣ್ಣು ತೆರೆಸುವಂತಿತ್ತು: ಸದಸ್ಯ ರಾಷ್ಟ್ರಗಳು ಕೊಡದ್ದನ್ನು ಒಬ್ಬ ಉದ್ಯಮಿ ಕೊಡಬಲ್ಲ. 1998ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮುಖಂಡರು ನ್ಯೂಯಾರ್ಕಿಗೆ ಬಂದು ಅನ್ನಾನ್ ಜತೆ ಜಂಟಿ ಹೇಳಿಕೆಗೆ ಒಪ್ಪಿದರು. ಮಂಡಳಿಯ ಆಗಿನ ಅಧ್ಯಕ್ಷ ಹೆಲ್ಮುಟ್ ಮೌಖರ್, ನೆಸ್ಲೆಯ ಮುಖ್ಯಸ್ಥ. ಶಿಶು ಹಾಲಿನಪುಡಿಯ ಮಾರಾಟದ ವಿಧಾನಕ್ಕಾಗಿ 1977ರಿಂದ ಬಹಿಷ್ಕಾರ ಎದುರಿಸಿದ್ದ ಅದೇ ನೆಸ್ಲೆ.

ಇದಕ್ಕೆ ಮೊದಲು ವಿಶ್ವಸಂಸ್ಥೆ ಮತ್ತು ಕಂಪನಿಗಳು, ಈ ಎರಡೂ ಮನೆಗಳ ನಡುವೆ ಮಾತೇ ಸರಿಯಿರಲಿಲ್ಲ. ತಮ್ಮ ಸರ್ಕಾರದ ವಿರುದ್ಧ ಅಮೆರಿಕದ ಐಟಿಟಿ ಕಂಪನಿ ಪಿತೂರಿ ನಡೆಸಿದೆ ಎಂದು ಚಿಲಿಯ ಅಧ್ಯಕ್ಷ ಸಾಲ್ವಡಾರ್ ಅಯೆಂದೆ 1972ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆಯಲ್ಲಿ ದೂರಿದ್ದರು. ಆ ಬಿಸಿಯಲ್ಲೇ ಬಹುರಾಷ್ಟ್ರೀಯ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರವೊಂದು ವಿಶ್ವಸಂಸ್ಥೆಯಲ್ಲಿ ಹುಟ್ಟಿತು, ನೀತಿಸಂಹಿತೆಯ ಕರಡು ಸಿದ್ಧವಾಯಿತು. ಹತ್ತು ಹದಿನೈದು ವರ್ಷ ಎಳೆದಾಡಿ 1992ರಲ್ಲಿ ಕರಡನ್ನು ಕೈಬಿಟ್ಟರು, ಕೇಂದ್ರಕ್ಕೂ ಬೀಗ ಬಿತ್ತು. ಕಡ್ಡಾಯದ ದಾರಿ ಮುಚ್ಚಿದ್ದರಿಂದ ಅನ್ನಾನ್ ಸ್ವಯಂಪ್ರೇರಣೆಯ ದಾರಿ ಹಿಡಿದರು. ಆ ಹಿನ್ನೆಲೆ ಬಿಟ್ಟು ದಾವೋಸ್ ಭಾಷಣವನ್ನು ಮಾತ್ರ ಓದುವವರಿಗೆ ಅದು ಭೋಳೆತನದಂತೆ ಕಂಡರೆ ಆಶ್ಚರ್ಯವಿಲ್ಲ.

ಸಹಿ ಹಾಕಿದವರು, ಹಿಂಜರಿದವರು

2000ದ ಜುಲೈ 26ರಂದು ನ್ಯೂಯಾರ್ಕಿನಲ್ಲಿ ಕಾಂಪ್ಯಾಕ್ಟ್ ಶುರುವಾಯಿತು. ಒಂಬತ್ತು ತತ್ವಗಳು: ಮಾನವ ಹಕ್ಕಿನ ಎರಡು, ಕಾರ್ಮಿಕರ ನಾಲ್ಕು, ಪರಿಸರದ ಮೂರು. ಒಂದೂ ಹೊಸದಲ್ಲ. 1948ರ ಮಾನವ ಹಕ್ಕುಗಳ ಘೋಷಣೆ, 1998ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಘೋಷಣೆ, 1992ರ ರಿಯೊ ಘೋಷಣೆ, ಈ ಮೂರರಿಂದ ಹೆಕ್ಕಿದವು. ಇದು ರಾಜತಾಂತ್ರಿಕರ ಜಾಣತನ. ಸರ್ಕಾರಗಳು ಆಗಲೇ ಒಪ್ಪಿದ್ದ ಮಾತುಗಳಾದ್ದರಿಂದ ಯಾರೂ ಹೊಸದಾಗಿ ಮತ ಹಾಕಬೇಕಿರಲಿಲ್ಲ. ಕಂಪನಿಯ ಮುಖ್ಯಸ್ಥ ಅನ್ನಾನ್‌ಗೆ ಒಂದು ಪತ್ರ ಬರೆದರೆ ಸಾಕು, ಸೇರ್ಪಡೆ ಆಯಿತು.

ಸೇರಿದವರ ಪಟ್ಟಿ ನೋಡಿದವರು ಹುಬ್ಬೇರಿಸಿದರು. ಶೆಲ್, ಬಿಪಿ, ರಿಯೊ ಟಿಂಟೊ, ನೈಕಿ, ನೊವಾರ್ಟಿಸ್. ಕಡಿಮೆ ಕೂಲಿಗೆ ಕಾರ್ಮಿಕರನ್ನು ಹಿಂಡುವ ಕಾರ್ಖಾನೆಗಳ ಆರೋಪ ಹೊತ್ತ ನೈಕಿ ಮತ್ತು ತೈಲ ಸೋರಿಕೆಯ ಆರೋಪ ಹೊತ್ತ ಶೆಲ್ ವಿಶ್ವಸಂಸ್ಥೆಯ ನೀಲಿ ಬಾವುಟ ಹೊದ್ದು ನಿಲ್ಲುತ್ತಿವೆ ಎಂದು ಸ್ವಯಂಸೇವಾ ಸಂಘಟನೆಗಳು ಕಿಡಿಕಾರಿದವು; 'ಬ್ಲೂವಾಷ್' ಎಂಬ ಪದ ಚಲಾವಣೆಗೆ ಬಂದದ್ದು ಆಗಲೇ. ಕಂಪನಿಗಳಿಂದ ತಲಾ 50,000 ಡಾಲರ್ ಪಡೆಯುವ ಯೋಜನೆಯೊಂದನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹೊಸೆದು, ಟೀಕೆ ತಡೆಯಲಾರದೆ ಕೈಬಿಟ್ಟದ್ದೂ ಅದೇ ಸಮಯದಲ್ಲಿ. ಆದ್ದರಿಂದ ಅನುಮಾನಕ್ಕೆ ಆಧಾರವಿತ್ತು.

ಇನ್ನೊಂದು ಬದಿಯಲ್ಲಿ ಅಮೆರಿಕದ ಬಹುತೇಕ ಕಂಪನಿಗಳು ಬೇರೆಯೇ ಕಾರಣಕ್ಕೆ ದೂರ ಉಳಿದವು. ಅವುಗಳ ವಕೀಲರಿಗೆ ಹೆದರಿಕೆ: ಇಂಥ ಮಾತಿಗೆ ಸಹಿ ಹಾಕಿದರೆ ನಾಳೆ ಅದನ್ನೇ ಹಿಡಿದು ಯಾರಾದರೂ ಕೋರ್ಟಿಗೆ ಎಳೆದರೆ? ಹೆದರಿಕೆ ಪೂರಾ ಹುಸಿಯಾಗಿರಲಿಲ್ಲ. ತನ್ನ ಕಾರ್ಖಾನೆಗಳ ಸ್ಥಿತಿಗತಿಯನ್ನು ಸಾರ್ವಜನಿಕವಾಗಿ ಸಮರ್ಥಿಸಿಕೊಂಡ ನೈಕಿಯ ಮೇಲೆ ಕ್ಯಾಲಿಫೋರ್ನಿಯದ ನಾಗರಿಕನೊಬ್ಬ ಸುಳ್ಳು ಜಾಹೀರಾತಿನ ದಾವೆ ಹೂಡಿದ್ದ. ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2003ರಲ್ಲಿ 15 ಲಕ್ಷ ಡಾಲರ್ ರಾಜಿಯಲ್ಲಿ ಕೊನೆಗೊಂಡಿತು. ನೋಡಿ, ಟೀಕಾಕಾರರಿಗೆ ಕಾಂಪ್ಯಾಕ್ಟ್ ಬರೀ ಗಾಳಿಮಾತು. ವಕೀಲರಿಗೆ ಅದೇ ಮಾತು ಕುತ್ತಿಗೆಗೆ ಉರುಳು. ಒಂದೇ ಕಾಗದದ ಎರಡು ಓದು.

ಹುಲ್ಲುಹಾಸಿನ ಮೇಲೆ ಚಹಾ

ಮೂಡಿ-ಸ್ಟುವರ್ಟ್ ಕಥೆಗೆ ಬರೋಣ. ಈ ಪ್ರಕರಣದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವರು ಅವರೇ.

ಆಂಟಿಗುವಾದಲ್ಲಿ 1940ರಲ್ಲಿ ಹುಟ್ಟು, ಕೇಂಬ್ರಿಡ್ಜ್‌ನಲ್ಲಿ ಭೂವಿಜ್ಞಾನದಲ್ಲಿ ಡಾಕ್ಟರೇಟ್, 1966ರಲ್ಲಿ ಶೆಲ್ ಸೇರ್ಪಡೆ. ಒಮಾನ್, ಬ್ರೂನೈ, ನೈಜೀರಿಯಾ, ಟರ್ಕಿ, ಮಲೇಷ್ಯಾ ಎಂದು ಹತ್ತು ದೇಶ ಸುತ್ತಿದರು. ಹೀಗೆ ಸುತ್ತುವ ತೈಲ ಕಂಪನಿಯ ಅಧಿಕಾರಿ ಒಂದು ಬಗೆಯಲ್ಲಿ ರಾಜತಾಂತ್ರಿಕನೇ. ಮಂತ್ರಿಗಳ ಜತೆ ಕೂರುತ್ತಾನೆ, ಪರವಾನಗಿಗೆ ಚೌಕಾಸಿ ಮಾಡುತ್ತಾನೆ, ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುತ್ತಾನೆ. ವ್ಯತ್ಯಾಸ ಏನೆಂದರೆ ಅವನು ಪ್ರತಿನಿಧಿಸುವ ಸರ್ಕಾರಕ್ಕೆ ಮತದಾರರಿಲ್ಲ.

1995 ಶೆಲ್‌ಗೆ ಕೆಟ್ಟ ವರ್ಷ. ಬ್ರೆಂಟ್ ಸ್ಪಾರ್ ಎಂಬ ಹಳೆಯ ತೈಲ ತೊಟ್ಟಿಯನ್ನು ಅಟ್ಲಾಂಟಿಕ್‌ನಲ್ಲಿ ಮುಳುಗಿಸಹೊರಟು ಯುರೋಪಿನಾದ್ಯಂತ ಜನರ ಸಿಟ್ಟಿಗೆ ಗುರಿಯಾಯಿತು. ನವೆಂಬರ್ 10ರಂದು ನೈಜೀರಿಯಾದ ಸೇನಾ ಸರ್ಕಾರ, ಒಗೊನಿ ನೆಲವನ್ನು ತೈಲ ಕಂಪನಿಗಳು ಹಾಳುಗೆಡವಿದ ಬಗ್ಗೆ ದನಿಯೆತ್ತಿದ್ದ ಲೇಖಕ ಕೆನ್ ಸಾರೊ-ವಿವಾ ಮತ್ತು ಎಂಟು ಜನರನ್ನು ಗಲ್ಲಿಗೇರಿಸಿತು. ಶೆಲ್ ಇದರಲ್ಲಿ ಶಾಮೀಲು ಎಂಬ ಆರೋಪ ಬಂತು; ಕಂಪನಿ ನಿರಾಕರಿಸಿತು. ಹದಿನಾಲ್ಕು ವರ್ಷಗಳ ನಂತರ, 2009ರಲ್ಲಿ, ತಪ್ಪೊಪ್ಪಿಕೊಳ್ಳದೆಯೇ 1.55 ಕೋಟಿ ಡಾಲರ್ ಕೊಟ್ಟು ದಾವೆಯನ್ನು ಇತ್ಯರ್ಥ ಮಾಡಿಕೊಂಡಿತು. ಈ ಪೆಟ್ಟಿನ ಬೆನ್ನಲ್ಲೇ 1997ರಲ್ಲಿ ಶೆಲ್ ತನ್ನ ವ್ಯವಹಾರ ಸೂತ್ರಗಳಲ್ಲಿ ಮಾನವ ಹಕ್ಕಿನ ಮಾತು ಸೇರಿಸಿತು. ಮರುವರ್ಷ ಮೂಡಿ-ಸ್ಟುವರ್ಟ್ ಸಮೂಹದ ಅಧ್ಯಕ್ಷರಾದರು.

ಒಮ್ಮೆ ಪ್ರತಿಭಟನಕಾರರ ಗುಂಪೊಂದು ಇಂಗ್ಲೆಂಡಿನಲ್ಲಿದ್ದ ಅವರ ಮನೆಗೇ ನುಗ್ಗಿ, 'ಕೊಲೆಗಡುಕರು' ಎಂಬ ಬ್ಯಾನರ್ ಕಟ್ಟಿತು. ದಂಪತಿ ಹೊರಬಂದು ಹುಲ್ಲುಹಾಸಿನ ಮೇಲೆ ಅವರೊಡನೆ ಕೂತರು, ಚಹಾ ಕೊಟ್ಟರು, ಹೊತ್ತು ಕಳೆಯುವವರೆಗೆ ಮಾತಾಡಿದರು. ಈ ಪ್ರಸಂಗವನ್ನು ಎರಡು ಬಗೆಯಲ್ಲಿ ಹೇಳುವವರಿದ್ದಾರೆ. ಒಬ್ಬರಿಗೆ ಇದು ದೊಡ್ಡ ಮನಸ್ಸು. ಇನ್ನೊಬ್ಬರು ಕೇಳುತ್ತಾರೆ: ಚಹಾ ಸರಿ, ಆದರೆ ಅದೇ ಹೊತ್ತಿನಲ್ಲಿ ನೈಜರ್ ನದೀಮುಖದಲ್ಲಿ ಅನಿಲದ ಬೆಂಕಿ ಹಗಲೂ ರಾತ್ರಿ ಉರಿಯುತ್ತಲೇ ಇತ್ತಲ್ಲ? ನಾನು ಎರಡನೆಯವರ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಒಳ್ಳೆಯ ಮನುಷ್ಯ ಮುಖ್ಯಸ್ಥನಾದರೆ ಕಂಪನಿ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯ ಮಿತಿ ಆ ಹುಲ್ಲುಹಾಸಿನ ಮೇಲೇ ಕಾಣುತ್ತದೆ.

ಆದರೂ ಲಿಂಡಾಲ್ ಜಾಗದಲ್ಲಿ ಮೂಡಿ-ಸ್ಟುವರ್ಟ್ ಬಂದದ್ದರಿಂದ ಕಾಂಪ್ಯಾಕ್ಟ್‌ಗೆ ಒಳ್ಳೆಯದೇ ಆಯಿತು ಎಂಬುದು ನನ್ನ ಅಂದಾಜು. ಲಿಂಡಾಲ್ ಬಂದಾಗ ಮಾದರಿ ಕಂಪನಿಯ ಮಾದರಿ ಮುಖ್ಯಸ್ಥ. ಅವರ ಹೆಸರಿನ ಬೆಲೆಯೆಲ್ಲ ಕಲೆಯಿಲ್ಲದ ಬಿಳಿಯಲ್ಲಿತ್ತು, ಒಂದು ಕಲೆ ಬಿದ್ದದ್ದೇ ಬೆಲೆ ಹೋಯಿತು. ಮೂಡಿ-ಸ್ಟುವರ್ಟ್ ಮೈಮೇಲೆ ಗಾಯದ ಗುರುತು ಹೊತ್ತೇ ಬಂದವರು. ಶೆಲ್‌ನ ಎಲ್ಲ ಆರೋಪಗಳೂ ಜಗತ್ತಿಗೆ ಗೊತ್ತಿದ್ದವು. ಹೊಸದಾಗಿ ಬಯಲಾಗಲು ಹೆಚ್ಚೇನೂ ಉಳಿದಿರಲಿಲ್ಲ, ಹಾಗಾಗಿ ಅವರ ಮಾತು ಬೋಧನೆಯಂತೆ ಕೇಳಿಸುತ್ತಿರಲಿಲ್ಲ. ಅವರು ಹೋದ ಆ್ಯಂಗ್ಲೋ ಅಮೆರಿಕನ್ 2002ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕದ ತನ್ನ ನೌಕರರಿಗೆ ಎಚ್‌ಐವಿ ಔಷಧ ಉಚಿತವಾಗಿ ಕೊಡಲು ನಿರ್ಧರಿಸಿತು. ಅಲ್ಲಿನ ಸರ್ಕಾರ ಇನ್ನೂ ಮೀನಮೇಷ ಎಣಿಸುತ್ತಿದ್ದ ಕಾಲವದು. ಕಾರ್ಪೊರೇಟ್ ಪೌರತ್ವ ಎಂಬ ಬಾಯಿತುಂಬುವ ಮಾತಿಗೆ ಇಷ್ಟು ನೇರವಾದ ಉದಾಹರಣೆ ಸಿಗುವುದು ಅಪರೂಪ. ಗಣಿ ಕಾರ್ಮಿಕ ಬದುಕಿದರೆ ಕಂಪನಿಗೂ ಲಾಭ ಎಂಬ ಲೆಕ್ಕ ಅದರ ಹಿಂದೆ ಇತ್ತು ಎಂದರೆ ಅದರ ತೂಕವೇನೂ ಇಳಿಯುವುದಿಲ್ಲ.

ಜಾಮೀನುದಾರನ ಬಾಗಿಲಿಗೆ

2004ರ ಜೂನ್‌ನಲ್ಲಿ ಹತ್ತನೆಯ ತತ್ವ ಸೇರಿತು: ಲಂಚ, ಸುಲಿಗೆ ಸೇರಿದಂತೆ ಎಲ್ಲ ಬಗೆಯ ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡಬೇಕು. ಅದಕ್ಕೆ ಎರಡು ತಿಂಗಳ ಮುಂಚೆಯಷ್ಟೇ ಇರಾಕಿನ 'ಆಹಾರಕ್ಕಾಗಿ ತೈಲ' ಯೋಜನೆಯ ತನಿಖೆಗೆ ಪಾಲ್ ವೋಲ್ಕರ್ ನೇತೃತ್ವದ ಸಮಿತಿ ರಚನೆಯಾಗಿತ್ತು. ನಿರ್ಬಂಧಕ್ಕೊಳಗಾಗಿದ್ದ ಇರಾಕ್ ತೈಲ ಮಾರಿ ಆ ಹಣದಲ್ಲಿ ಆಹಾರ, ಔಷಧ ಕೊಳ್ಳಲೆಂದು ವಿಶ್ವಸಂಸ್ಥೆಯೇ ನಡೆಸಿದ ಯೋಜನೆ. ಅನ್ನಾನ್ ಮಗ ಕೆಲಸಕ್ಕಿದ್ದ ಸ್ವಿಸ್ ತಪಾಸಣಾ ಕಂಪನಿಗೆ ಅದರಲ್ಲಿ ಗುತ್ತಿಗೆ ಸಿಕ್ಕಿತ್ತು. ಗುತ್ತಿಗೆ ಕೊಡಿಸುವಲ್ಲಿ ಅನ್ನಾನ್ ಕೈವಾಡಕ್ಕೆ ಪುರಾವೆ ಸಿಗಲಿಲ್ಲ ಎಂದು ಸಮಿತಿ ಹೇಳಿತು. ವಿಷಯ ತಿಳಿದ ಮೇಲೆ ಸರಿಯಾಗಿ ವಿಚಾರಿಸಲಿಲ್ಲ ಎಂದೂ ಹೇಳಿತು. ಸದ್ದಾಂ ಸರ್ಕಾರಕ್ಕೆ ಗುಪ್ತವಾಗಿ ಹಣ ಸಂದಾಯವಾದ ವ್ಯವಹಾರಗಳಲ್ಲಿ 2,200ಕ್ಕೂ ಹೆಚ್ಚು ಕಂಪನಿಗಳಿದ್ದವು ಎಂಬುದು 2005ರ ಅಕ್ಟೋಬರ್‌ನ ವರದಿಯಲ್ಲಿ ಹೊರಬಿತ್ತು.

ಹೀಗೆ ಜಾಮೀನು ನಿಂತವರ ಪೈಕಿ ಎಲ್ಲರಿಗಿಂತ ದೊಡ್ಡ ಹೆಸರಿಗೇ ಪೆಟ್ಟು ಬಿತ್ತು. ಕಚೇರಿಯಲ್ಲಿ ಕೆಲ್ ಆ ಹೊತ್ತಿಗೆ ಬೇರೆ ದಾರಿ ಹಿಡಿದಿದ್ದರು: ಸೇರಿದ ಕಂಪನಿ ವರ್ಷಕ್ಕೊಮ್ಮೆ ತಾನೇನು ಮಾಡಿದೆ ಎಂದು ವರದಿ ಕೊಡಬೇಕು, ಕೊಡದಿದ್ದರೆ ಪಟ್ಟಿಯಿಂದ ಹೊರಗೆ. ಮುಂದಿನ ವರ್ಷಗಳಲ್ಲಿ ಸಾವಿರಾರು ಕಂಪನಿಗಳು ಹೀಗೆ ಹೊರಬಿದ್ದವು. ವರದಿಯಲ್ಲಿರುವುದು ನಿಜವೋ ಸುಳ್ಳೋ ನೋಡುವವರಿರಲಿಲ್ಲ ಅನ್ನಿ. ಹೋಮ್‌ವರ್ಕ್ ತಂದಿದ್ದಾನೋ ಇಲ್ಲವೋ ಎಂದು ಮಾತ್ರ ಕೇಳುವ ಮೇಷ್ಟರ ಹಾಗೆ. ವಿಶ್ವಸಂಸ್ಥೆಯ ಸ್ವಂತ ಪರಿಶೀಲನಾ ಘಟಕವೇ 2010ರ ವರದಿಯಲ್ಲಿ ಈ ಸಡಿಲತನವನ್ನು ಎತ್ತಿ ಆಡಿತು.

ಕೆಲ್‌ಗೆ ಸಲ್ಲಬೇಕಾದ ಶ್ರೇಯವೂ ಇದೆ. ಇವತ್ತು ಷೇರು ಮಾರುಕಟ್ಟೆಯವರ ಬಾಯಲ್ಲಿ ಓಡಾಡುವ 'ಇಎಸ್‌ಜಿ' (ಪರಿಸರ, ಸಮಾಜ, ಆಡಳಿತ) ಎಂಬ ಮೂರಕ್ಷರ ಬಳಕೆಗೆ ಬಂದದ್ದು 2004ರಲ್ಲಿ ಅವರ ಕಚೇರಿ ಬ್ಯಾಂಕುಗಳ ಜತೆ ಸೇರಿ ಹೊರತಂದ ವರದಿಯಿಂದ. 2015ರಲ್ಲಿ ಹುದ್ದೆ ಬಿಟ್ಟ ಕೆಲ್ ಅದೇ ಕ್ಷೇತ್ರದ ಹೂಡಿಕೆ ಸಂಸ್ಥೆ ಅರಬೆಸ್ಕ್ ಸೇರಿದರು. ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ರಚಿಸಿದ ಸುಸ್ಥಿರತಾ ಮಂಡಳಿಯಲ್ಲೂ ಕೂತರು. ಉದ್ಯಮಿ ವಿಶ್ವಸಂಸ್ಥೆಗೆ, ವಿಶ್ವಸಂಸ್ಥೆಯವ ಉದ್ಯಮಕ್ಕೆ. ಬಾಗಿಲು ಎರಡೂ ಕಡೆ ತಿರುಗುತ್ತದೆ.

ಪ್ರೊಫೆಸರ್ ಕಂಡುಕೊಂಡ ಪದ

ಹೆಸರಿನ ಜಾಮೀನು ಸಾಲದು ಎಂದು ಎಲ್ಲರಿಗಿಂತ ಚೆನ್ನಾಗಿ ಅರಿತವರು ರಗ್ಗಿ ಎಂದು ತೋರುತ್ತದೆ. 2003ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಉಪ ಆಯೋಗ ಕಂಪನಿಗಳನ್ನು ನೇರವಾಗಿ ಕಟ್ಟಿಹಾಕುವ ನಿಯಮಗಳ ಕರಡು ತಂದಿತು. ಮರುವರ್ಷ ಮೇಲಿನ ಆಯೋಗ ಅದಕ್ಕೆ ಕಾನೂನಿನ ಬೆಲೆಯಿಲ್ಲ ಎಂದು ಬದಿಗಿಟ್ಟಿತು. ಜಗಳ ಬಿಡಿಸಲು 2005ರಲ್ಲಿ ಅನ್ನಾನ್ ರಗ್ಗಿ ಅವರನ್ನು ವಿಶೇಷ ಪ್ರತಿನಿಧಿಯಾಗಿ ನೇಮಿಸಿದರು. ರಗ್ಗಿ ಮೊದಲು ಮಾಡಿದ್ದು ಆ ಕರಡಿಗೆ ಮಂಗಳ ಹಾಡಿದ್ದು; ಮಾನವ ಹಕ್ಕಿನ ಸಂಘಟನೆಗಳು ಮುನಿಸಿಕೊಂಡವು.

ಆರು ವರ್ಷ, 40ಕ್ಕೂ ಹೆಚ್ಚು ಸಮಾಲೋಚನಾ ಸಭೆ. ಫಲವಾಗಿ ಬಂದದ್ದು 31 ಮಾರ್ಗದರ್ಶಿ ತತ್ವಗಳು. 2011ರ ಜೂನ್ 16ರಂದು ಮಾನವ ಹಕ್ಕುಗಳ ಮಂಡಳಿ ಅವನ್ನು ಒಮ್ಮತದಿಂದ ಅಂಗೀಕರಿಸಿತು. ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಕಂಪನಿಯ ಹೊಣೆ, ನೊಂದವರಿಗೆ ಪರಿಹಾರದ ದಾರಿ ತೆರೆದಿರಬೇಕು. ಇದರಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದು ಪದದ ಆಯ್ಕೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವ ಮುಂಚೆ ಅದರ ಸಾಲ, ವ್ಯಾಜ್ಯ, ಲೆಕ್ಕ ಎಲ್ಲವನ್ನೂ ಜಾಲಾಡುತ್ತದಲ್ಲ, ಅದಕ್ಕೆ ಉದ್ಯಮಿಗಳು 'ಡ್ಯೂ ಡಿಲಿಜೆನ್ಸ್' ಎನ್ನುತ್ತಾರೆ. ರಗ್ಗಿ ಅದೇ ಪದ ಎತ್ತಿಕೊಂಡು, ನಿಮ್ಮ ವ್ಯವಹಾರದಿಂದ ಯಾರ ಹಕ್ಕಿಗೆ ಪೆಟ್ಟಾಗುತ್ತದೆ ಎಂದು ಹಾಗೆಯೇ ಜಾಲಾಡಿ ನೋಡಿ ಎಂದರು. ವಕೀಲರು ಬೆಚ್ಚಲಿಲ್ಲ. ಅವರ ಮನೆಯ ಮಾತೇ ಅದು. ಅಧ್ಯಕ್ಷರ ಒಳ್ಳೆಯತನವನ್ನು ನೆಚ್ಚಿಕೊಳ್ಳಬೇಕಾಗಿಲ್ಲ; ಹುಡುಕಿದ್ದೀರಾ, ಕಂಡಿದ್ದೇನು, ಮಾಡಿದ್ದೇನು ಎಂದು ಕೇಳಿದರಾಯಿತು.

ರಗ್ಗಿಯೂ ಎರಡೂ ಮನೆಯ ಹೊಸ್ತಿಲು ತುಳಿದವರೇ. ಬ್ಯಾರಿಕ್ ಗೋಲ್ಡ್ ಗಣಿ ಕಂಪನಿಯ ಸಲಹಾ ಮಂಡಳಿಗೆ ವಿಶೇಷ ಸಲಹೆಗಾರರಾಗಿದ್ದರು, 2016ರಲ್ಲಿ ಫಿಫಾಗೆ ಮಾನವ ಹಕ್ಕಿನ ವರದಿ ಬರೆದುಕೊಟ್ಟರು. ಅದಕ್ಕೆ ಟೀಕೆಯೂ ಬಂತು. 2021ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಪದ ಕಾಯ್ದೆ ಪುಸ್ತಕ ಸೇರಿತ್ತು. ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ ಕಾರ್ಮಿಕರು ಸತ್ತ 2013ರ ದುರಂತದ ನಂತರ ಫ್ರಾನ್ಸ್‌ನಲ್ಲಿ ಎದ್ದ ಒತ್ತಡ 2017ರ ಮಾರ್ಚ್‌ನಲ್ಲಿ ಕಾಯ್ದೆಯಾಯಿತು. ದೊಡ್ಡ ಕಂಪನಿಗಳು ತಮ್ಮ, ತಮ್ಮ ಅಂಗಸಂಸ್ಥೆಗಳ, ಸರಬರಾಜುದಾರರ ಕೆಲಸದಿಂದಾಗುವ ಹಾನಿಯನ್ನು ಗುರುತಿಸಿ, ತಡೆಯುವ ಯೋಜನೆಯನ್ನು ಪ್ರಕಟಿಸಲೇಬೇಕು. ಪ್ರಕಟಿಸದಿದ್ದರೆ ಬಾಧಿತರು, ಸಂಘಟನೆಗಳು ಕೋರ್ಟಿಗೆ ಹೋಗಬಹುದು. ಯಾರು ಒಳ್ಳೆಯವರು, ಯಾರ ಹೆಸರು ದೊಡ್ಡದು ಎಂದು ಅದು ವಿಚಾರಿಸುವುದಿಲ್ಲ. ಅದು ಕೇಳುವುದು ತಲೆಯೆಣಿಕೆ: ಫ್ರಾನ್ಸಿನೊಳಗೆ 5,000 ನೌಕರರು, ಇಲ್ಲವೇ ಜಗತ್ತಿನಾದ್ಯಂತ 10,000.